ಕಾನಾನ್ ದೇಶಕ್ಕೆ ಆರು ಕವಡೆ

ಒಳ್ಳೆಯದು ಮಾಡಬೇಕು ಎಂದು ಹೊರಟವನಿಗೆ ಇಂಥವು ಆಗುತ್ತಲೇ ಇರುತ್ತವೆ. ಕೆಟ್ಟದ್ದು ಮಾಡುವವರಿಗೆ ಯಾಕೆ ಆಗುವುದಿಲ್ಲವೋ ಕಾಣೆ. ಎಪ್ಪತ್ತರ ದಶಕದಲ್ಲಿ ನಾನು ಚಿತ್ರದುರ್ಗದ ಒಂದು ಸಣ್ಣ ಕ್ರೈಸ್ತ ಸಭೆಯ ಉಪದೇಶಿ. ಅಂದರೆ ಪಾದ್ರಿಗಳಿಗಿಂತ ಒಂದು ಮೆಟ್ಟಿಲು ಕೆಳಗೆ, ಗಂಟೆ ಹೊಡೆಯುವವನಿಗಿಂತ ಒಂದು ಮೆಟ್ಟಿಲು ಮೇಲೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ಅಲ್ಲೊಂದು ಇಲ್ಲೊಂದು ಇದ್ದ ನಮ್ಮವರ ಮನೆಗಳಿಗೆ ಬಸ್ಸಿನಲ್ಲಿ ಹೋಗಿ ಪ್ರಸಂಗ ಮಾಡಿ ಬರುವುದು ನನ್ನ ಕೆಲಸ. ನನ್ನ ಪ್ರಸಂಗಕ್ಕೆ ಒಂದು ಗುಣವಿತ್ತು. ವರ್ಷಗಟ್ಟಲೆ ನಿದ್ದೆಗೆಟ್ಟವರಿಗೂ ಸೊಗಸಾಗಿ ನಿದ್ದೆ ಬರುತ್ತಿತ್ತು.

ಪಕ್ಕದ ಮನೆಯವರು ವೈಕುಂಠ ಏಕಾದಶಿಯ ದಿನ ಪರಮಪದದ ಪಟ ಹಾಸಿಕೊಂಡು, ಹಾವು ಬಂತು, ಏಣಿ ಬಂತು ಎಂದು ಕೂಗಾಡುತ್ತಾ ಎಚ್ಚರವಾಗಿರುವುದನ್ನು ನೋಡಿ ನನಗೂ ಆಸೆಯಾಯಿತು. ಇರಲಾರದೆ ಇರುವೆ ಬಿಟ್ಟುಕೊಂಡೆ. ಹಳೆಯ ದುಪ್ಪಟಿಯೊಂದರ ಮೇಲೆ ಐಗುಪ್ತದಿಂದ ಕಾನಾನ್‌ವರೆಗೆ, ಅಂದರೆ ದಾಸ್ಯದ ನಾಡಿನಿಂದ ದೇವರು ಕೊಡುತ್ತೇನೆಂದ ನಾಡಿನವರೆಗೆ, ದಾರಿ ಬರೆದೆ. ದಾರಿಯುದ್ದಕ್ಕೂ ಬೈಬಲ್ಲಿನ ಕಥೆಗಳ ಮನೆಗಳು. ಆಡುವವರು ಒಬ್ಬೊಬ್ಬರೂ ಆ ಕಥೆಯ ಒಬ್ಬೊಬ್ಬರಾಗಬೇಕು. ಎದುರಿಗೆ ಏನು ಬಂತು ಎಂದು ನಾನು ಹೇಳುತ್ತೇನೆ, ಏನು ಮಾಡುತ್ತೀರಿ ಎಂದು ಅವರು ಹೇಳಬೇಕು, ಆದೀತೋ ಇಲ್ಲವೋ ಎಂದು ಆರು ಕವಡೆ ಹೇಳುತ್ತವೆ. ಮೊದಲ ಸಲ ಆಡಿಸಿದಾಗ ಒಬ್ಬರೂ ಆಕಳಿಸಲಿಲ್ಲ. ನನಗೆ ಕಣ್ಣಲ್ಲಿ ನೀರು ಬಂತು.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ನಮ್ಮ ಅಯ್ಯನವರು, ಅಂದರೆ ಪಾದ್ರಿಗಳು, ಪಟ ನೋಡಿ ಕೆಂಡವಾದರು. "ಯೇಸುಸ್ವಾಮಿಯ ಅಂಗಿಗೆ ಶಿಲುಬೆಯ ಕೆಳಗೇ ಚೀಟು ಹಾಕಿದ ಸಿಪಾಯಿಗಳಿಗೂ ನಿಮಗೂ ಏನ್ರೀ ವ್ಯತ್ಯಾಸ?" ನಾನು ಕೈಮುಗಿದೆ. ಕೊನೆಗೆ ಒಂದು ಷರತ್ತು ಹಾಕಿದರು. "ಕ್ರಿಸ್‌ಮಸ್‌ವರೆಗೆ ಟೈಮು. ಯಾವ ಊರಲ್ಲಾದ್ರೂ ಸರಿ, ಒಬ್ಬರಾದ್ರೂ ಬೈಬಲ್ ವಾಕ್ಯದಲ್ಲಿ ಇದ್ದ ಹಾಗೇ ನಡ್ಕೊಂಡು ತೋರಿಸ್ಲಿ. ಇಲ್ಲಾಂದ್ರೆ ಈ ಪಟ ನಮ್ಮನೆ ಒಲೆಗೆ."

ಇಷ್ಟೇನಾ ಎಂದುಕೊಂಡೆ. ನನ್ನ ಜನರ ಮೇಲೆ ನನಗೆ ಆಗ ಇನ್ನೂ ನಂಬಿಕೆ ಇತ್ತು.

ಹಿರಿಯೂರು: ಸಮುದ್ರ ಮುಚ್ಚಲಿಲ್ಲ

ಹಿರಿಯೂರಿನಲ್ಲಿ ಬಸ್ ಕಂಡಕ್ಟರೊಬ್ಬ, ಜನರನ್ನು ಐಗುಪ್ತದಿಂದ ಬಿಡಿಸಿ ತರುವ ಮೋಶೆಯಾದ. ಆ ಮನೆಯ ಯಜಮಾನಿ, ಅವನ ಸ್ವಂತ ಅತ್ತೆ, ಬೆನ್ನಟ್ಟಿ ಬರುವ ಫರೋಹ ರಾಜ. ಸಮುದ್ರ ಎದುರಾಯಿತು. ಕಂಡಕ್ಟರು ಕವಡೆ ಹಾಕಿದ, ಸಮುದ್ರ ಎರಡು ಪಾಲಾಯಿತು, ಜನರನ್ನೆಲ್ಲ "ಮುಂದಕ್ಕೆ ಹೋಗ್ರಿ, ಮುಂದಕ್ಕೆ ಹೋಗ್ರಿ" ಎಂದು ದಾಟಿಸಿದ. ನನಗೆ ಮೈ ಜುಮ್ಮೆಂದಿತು.

"ಫರೋಹನ ದಂಡು ಈಗ ಸಮುದ್ರದ ನಡುವೆ ಬಂದಿದೆ. ಕೈ ಚಾಚಪ್ಪ, ನೀರು ಮುಚ್ಚಿಕೊಳ್ಳಲಿ" ಎಂದೆ.

ಅವನು ಅತ್ತೆಯ ಮುಖ ನೋಡಿದ. ಅತ್ತೆ ಅವನ ಮುಖ ನೋಡಿದರು. ಅಡುಗೆಮನೆಯಿಂದ ಕೋಳಿಸಾರಿನ ವಾಸನೆ ಬರುತ್ತಿತ್ತು.

"ಬ್ಯಾಡ ಬಿಡ್ರಿ ಸಾರ್" ಎಂದ.

"ಬೇಡ ಅಂದರೆ? ಫರೋಹ ಮುಳುಗಲೇಬೇಕು."

"ಹೆಂಗೆ ಮುಳುಗಿಸ್ಲಿ ಸಾರ್? ನಿಮಗೇನು, ಉಂಡು ಬಸ್ ಹತ್ತಿ ಹೋಗ್ತೀರ. ನಾನು ಈ ಮನ್ಯಾಗೇ ಇರಬೇಕು." ಆಮೇಲೆ ಅತ್ತೆಯ ಕಡೆ ತಿರುಗಿ, "ನಿಧಾನಕ್ಕೆ ಬರ್ರಿ ಅತ್ತೆ, ಕೆಸರೈತೆ" ಎಂದ.

ಆ ದಿನ ಕಾನಾನ್ ದೇಶವನ್ನು ಎಲ್ಲರಿಗಿಂತ ಮೊದಲು ಮುಟ್ಟಿದವನು ಫರೋಹ.

ಮತ್ತೋಡು: ಸಿಕ್ಕಿದ ಕುರಿ

ಹೊಸದುರ್ಗದ ಕಡೆ ಮತ್ತೋಡಿನಲ್ಲಿ ನಮ್ಮವರದು ಒಂದೇ ಮನೆ. ಆಟದ ಗದ್ದಲ ಕೇಳಿ ಅಕ್ಕಪಕ್ಕದವರೂ ಬಂದು ಕೂತರು. ಅವರಲ್ಲೊಬ್ಬ ಕುರಿ ಕಾಯುವ ಹಿರಿಯ. ನೂರು ಕುರಿಯಲ್ಲಿ ಒಂದು ತಪ್ಪಿಸಿಕೊಂಡಾಗ ಅದನ್ನೇ ಹುಡುಕಿಕೊಂಡು ಹೋಗುವ ಕುರುಬನ ಪಾತ್ರಕ್ಕೆ ಇವನಿಗಿಂತ ಬೇರೆಯವರು ಬೇಕೆ? ಮೊದಲು ಕಥೆಯನ್ನು ಓದಿ ಹೇಳಿದೆ. ಆ ಕುರುಬ ಕುರಿಯನ್ನು ಹೆಗಲ ಮೇಲೆ ಹೊತ್ತು ತಂದು, ನೆರೆಹೊರೆಯವರನ್ನು ಕರೆದು, ನನ್ನ ಜೊತೆ ಸಂತೋಷಪಡಿ ಎನ್ನುತ್ತಾನೆ.

ಹಿರಿಯ ಮನಸಾರೆ ಆಡಿದ. ಮುಳ್ಳಿನಲ್ಲಿ ಹುಡುಕಿದ, ಹಳ್ಳದಲ್ಲಿ ಹುಡುಕಿದ, ಕವಡೆ ಬೀಳದಾಗ ನಿಜವಾಗಿಯೇ ನಿಟ್ಟುಸಿರು ಬಿಟ್ಟ. ಕಡೆಗೆ ಕುರಿ ಸಿಕ್ಕಿತು. ಹೆಗಲ ಮೇಲೆ ಹೊತ್ತ ಹಾಗೆ ಎರಡೂ ಕೈ ಎತ್ತಿಕೊಂಡು ಮನೆಗೆ ಬಂದ. ಗೆದ್ದೆ ಎಂದುಕೊಂಡೆ ನಾನು.

"ಈಗ ಏನು ಮಾಡ್ತೀಯಪ್ಪ?"

"ಕೊಯ್ತೀನಿ."

"ಅಯ್ಯೋ, ಅಷ್ಟು ಕಷ್ಟಪಟ್ಟು ಹುಡುಕಿದ ಕುರಿ!"

"ಅದಕ್ಕೇ ಅಲ್ವಾ? ಸಿಕ್ಕರೆ ನಿನಗೇ ಬಿಡ್ತೀನಿ ಅಂತ ದೇವರಿಗೆ ಹರಕೆ ಹೊತ್ತೇ ಹೋಗಿದ್ದು. ಸುಮ್ನೆ ಯಾವ ದೇವರು ಹುಡುಕಿಕೊಡ್ತಾನೆ?" ಎಂದ. ನಾನು ಬಾಯಿ ತೆರೆಯುವಷ್ಟರಲ್ಲಿ, "ನೆರೆಹೊರೆಯವರನ್ನ ಕರೆದ ಅಂತ ನೀವೇ ಓದಿದ್ರಿ. ಕರೆದ ಮ್ಯಾಲೆ ಊಟಕ್ಕೆ ಏನು ಹಾಕಿದ ಅಂತ ಮಾಡೀರಿ?" ಎಂದು ಕೇಳಿದ.

ನಮ್ಮ ಸಭೆಯ ಆ ಮನೆಯವರೇ ಮೊದಲು ತಲೆದೂಗಿದ್ದು. ಯಾರಿಗೆ ಯಾವ ಪಾಲು ಎಂಬ ಮಾತು ಶುರುವಾದಾಗ ನಾನು ಪಟ ಮಡಚಿದೆ.

ಹೊಳಲ್ಕೆರೆ: ಬಿದ್ದವನ ಊರು

ಹೊಳಲ್ಕೆರೆಯಲ್ಲಿ ಒಬ್ಬ ದರ್ಜಿ, ಕಳ್ಳರ ಕೈಲಿ ಪೆಟ್ಟು ತಿಂದು ದಾರಿಯಲ್ಲಿ ಬಿದ್ದವನಾಗಿ ಚಾಪೆಯ ಮೇಲೆ ಮಲಗಿದ. ಕಥೆಯ ಪ್ರಕಾರ ಇಬ್ಬರು ನೋಡಿಯೂ ನೋಡದ ಹಾಗೆ ಹೋಗಬೇಕು, ಮೂರನೆಯವನು, ಬಿದ್ದವನ ಜನಕ್ಕೆ ಆಗದ ಸಮಾರ್ಯ ನಾಡಿನವನು, ಎತ್ತಿ ಉಪಚರಿಸಬೇಕು. ನಮ್ಮ ಕಡೆ ದಾರಿಯಲ್ಲಿ ಬಿದ್ದವನನ್ನು ಮಾತಾಡಿಸದೆ ಹೋಗುವವರು ಉಂಟೆ? ಇಬ್ಬರೂ ನಿಂತರು. ಸಮಾರ್ಯದವಳಾದ ಮುದುಕಿ ಪಕ್ಕದಲ್ಲೇ ಕೂತರು.

"ಯಾವೂರಪ್ಪ?"

ದರ್ಜಿ ತಮಾಷೆಗೆ, "ಬಿ.ದುರ್ಗ ಕಣಜ್ಜಿ" ಎಂದು ನರಳಿದ.

"ಬಿ.ದುರ್ಗದಾಗೆ ಯಾರ ಮನೆ?"

"ಬಾವಿ ಪಕ್ಕದ ಮನೆ."

ಮುದುಕಿ ಎಣ್ಣೆ ಹಚ್ಚಲು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. "ಆ ಮನೆಯೋರಾ! ನಮ್ಮ ಹುಡುಗೀನ ನೋಡಿ, ಉಪ್ಪಿಟ್ಟು ತಿಂದು, ಒಲ್ಲೆ ಅಂದು ಹೋದೋರು!"

"ಅಜ್ಜಿ, ಇದು ಆಟ. ಅವನು ನಿಮ್ಮ ದರ್ಜಿ" ಎಂದೆ.

"ಇರಬಹುದು. ಆದ್ರೆ ಈಗ ಬಿ.ದುರ್ಗದೋನಲ್ವಾ? ಬಿದ್ಕೊಂಡಿರ್ಲಿ ಬಿಡ್ರಿ. ಏಳ್ರೇ, ಹೋಗಾಣ."

ದರ್ಜಿ ಎದ್ದು ಕೂತು, ಅಜ್ಜಿಯ ಸೊಸೆಗೆ ತಾನು ಹೊಲಿದುಕೊಟ್ಟ ರವಿಕೆಯ ಆಣೆ ಇಟ್ಟರೂ ಆಕೆ ಮನಸ್ಸು ಬದಲಿಸಲಿಲ್ಲ. ಹಿಂತಿರುಗುವ ಬಸ್ಸಿನಲ್ಲಿ ಕಿಟಕಿಗೆ ಹಣೆ ಒತ್ತಿ ಕೂತಿದ್ದೆ. ಈ ಜನರಿಗೆ ನಾನು ಇಷ್ಟು ವರ್ಷ ಏನು ಕಲಿಸಿದೆ ಎಂದು ಯೋಚಿಸಿದರೆ ದುಃಖ ಉಕ್ಕಿ ಬರುತ್ತಿತ್ತು. ಪಕ್ಕದವನು, "ಯಾರು ತೀರಿಕೊಂಡ್ರು?" ಎಂದು ವಿಚಾರಿಸಿದ. "ಸಮಾರ್ಯದವನು" ಎಂದೆ.

ಚಿತ್ರದುರ್ಗ: ಬಂಡೆ

ಕ್ರಿಸ್‌ಮಸ್ಸಿಗೆ ಮುಂಚಿನ ಭಾನುವಾರ, ಆರಾಧನೆ ಮುಗಿದ ಮೇಲೆ ಅಯ್ಯನವರು ಪಟ ಒಯ್ಯಲು ನನ್ನ ಮನೆಗೇ ಬಂದರು. ಸಭೆಯ ನಾಲ್ಕಾರು ಜನ ಹಿಂದೆಯೇ ಬಂದರು. ನಾನು ಪಟವನ್ನು ಸುಮ್ಮನೆ ಹಾಸಿದೆ, ಕಡೆಯ ಸಲ ಕಣ್ತುಂಬ ನೋಡೋಣ ಎಂದು. ಅವರಲ್ಲಿ ಆಸ್ಪತ್ರೆಯ ನರ್ಸಮ್ಮ ಒಬ್ಬರು, "ಅಯ್ಯನವರೇ, ಒಂದು ಸಲ ಆಡಿ, ಆಮ್ಯಾಲೆ ಸುಡ್ರಿ" ಎಂದರು.

ಅಯ್ಯನವರು ಒಲ್ಲೆ ಒಲ್ಲೆ ಎನ್ನುತ್ತಲೇ ಕೂತು ಪೇತ್ರನಾದರು. ಪೇತ್ರ ಎಂದರೆ ಬಂಡೆ. ನಮ್ಮೂರಲ್ಲಿ ಅದಕ್ಕೇನು ಬರವೇ? ಯೇಸುವನ್ನು ಹಿಡಿದುಕೊಂಡು ಹೋದ ದಿನ ಆತನ ಶಿಷ್ಯನಾದ ಈ ಪೇತ್ರ ಹೆದರಿ, ಆತನು ಯಾರೋ ಗೊತ್ತಿಲ್ಲ ಎಂದು ಮೂರು ಸಲ ಹೇಳುತ್ತಾನೆ, ಆಗ ಕೋಳಿ ಕೂಗುತ್ತದೆ. ನರ್ಸಮ್ಮ, ಪೇತ್ರನನ್ನು ಗುರುತು ಹಿಡಿಯುವ ದಾಸಿಯಾಗಿ, "ನೀನೂ ಅವನ ಜೊತೆ ಇದ್ದೆ ಅಲ್ವಾ?" ಎಂದು ಕೇಳಿದರು.

"ಹೌದು, ಇದ್ದೆ!" ಅಯ್ಯನವರು ಎದೆ ತಟ್ಟಿದರು. "ಏನು ಮಾಡ್ಕೊಳ್ತೀಯೋ ಮಾಡ್ಕೋ!"

"ಅಯ್ಯನವರೇ, ವಾಕ್ಯದಲ್ಲಿ ಹಾಗಿಲ್ಲ" ಎಂದೆ.

"ನನ್ನ ವಿಶ್ವಾಸ ಅಷ್ಟು ಸಡಿಲ ಅಲ್ಲ ಕಣ್ರೀ!" ಎಂದು ಕವಡೆ ಕುಲುಕಿದರು.

ಇನ್ನು ಯಾರನ್ನು ನಂಬಲಿ? ಪಟ ಉರಿಯುವುದು ಕಣ್ಣಿಗೆ ಕಟ್ಟಿತು. ಅಷ್ಟರಲ್ಲಿ ಬಾಗಿಲಲ್ಲಿ ಬೂಟಿನ ಸದ್ದು. ಬೀದಿಯಲ್ಲಿ ಹೋಗುತ್ತಿದ್ದ ಪೊಲೀಸಿನವನಿಗೆ ಕವಡೆಯ ಸದ್ದು ಕೇಳಿಸಿತ್ತು. ಎಮರ್ಜೆನ್ಸಿಯ ಕಾಲ, ಕೆಮ್ಮಿದವನೂ ಯಾಕೆ ಕೆಮ್ಮಿದೆ ಎಂದು ಹೇಳಬೇಕಾಗಿತ್ತು.

"ಏನ್ರಿ ಇದು, ಹಾಡಹಗಲೇ ಜೂಜಾ?" ಅವನು ಅಯ್ಯನವರ ಕಡೆ ತಿರುಗಿದ. "ನೀವೂ ಇವರ ಜೊತೆ ಆಡ್ತಿದ್ರಾ?"

"ನಾನಾ? ಇಲ್ಲಪ್ಪ!"

"ಮತ್ತೆ ಕೈಯಾಗೆ ಕವಡೆ ಐತೆ?"

"ಯಾರೋ ಕೊಟ್ರು, ಹಿಡ್ಕೊಂಡೆ. ಇದೇನು ಆಟ ಅಂತಲೇ ನನಗೆ ಗೊತ್ತಿಲ್ಲ."

ಪೊಲೀಸಿನವನು ನನ್ನ ಕಡೆ ಲಾಠಿ ತೋರಿಸಿದ. "ಇವನು ನಿಮ್ಮೋನೇನು?"

ಅಯ್ಯನವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಈ ಮನುಷ್ಯ ಯಾರೋ ನನಗೆ ಗೊತ್ತೇ ಇಲ್ಲ" ಎಂದರು.

ಹಿತ್ತಲಲ್ಲಿ ನುಗ್ಗೆಮರಕ್ಕೆ, ಕ್ರಿಸ್‌ಮಸ್ ಊಟಕ್ಕೆಂದು ಕಟ್ಟಿದ್ದ ಹುಂಜ ಗಂಟಲು ಬಿಚ್ಚಿ ಕೂಗಿತು.

ನರ್ಸಮ್ಮ ಸೆರಗು ಬಾಯಿಗೆ ತುರುಕಿಕೊಂಡು ಗೋಡೆಯ ಕಡೆ ತಿರುಗಿದರು. ಪೊಲೀಸಿನವನಿಗೆ ಏನೂ ಅರ್ಥವಾಗಲಿಲ್ಲ. ಪಟದ ಮೇಲಿನ ಶಿಲುಬೆ ನೋಡಿ, "ಭಜನೆ ಸಾಮಾನು ಅಂತ ಮೊದ್ಲೇ ಹೇಳಬಾರ್ದಾ?" ಎಂದು ಗೊಣಗಿ ಹೊರಟುಹೋದ.

ನಾನು ಪಟವನ್ನು ಮಡಚಿ ಅಯ್ಯನವರ ಮುಂದಿಟ್ಟೆ. "ನೀವು ಕೇಳಿದ್ದು, ಒಬ್ಬರಾದರೂ ವಾಕ್ಯದಲ್ಲಿ ಇದ್ದ ಹಾಗೇ ನಡೆದುಕೊಳ್ಳಲಿ ಅಂತ. ನಡೆದುಕೊಂಡರು" ಎಂದೆ.

ಅವರು ಪಟವನ್ನು ನನ್ನ ಕಡೆ ಸರಿಸಿ, ಮೆಲ್ಲಗೆ ಹೇಳಿದರು:

"ಪಟ ಇಟ್ಕೊಳ್ಳಿ ಉಪದೇಶಿಗಳೇ. ಆದ್ರೆ ಕ್ರಿಸ್‌ಮಸ್‌ವರೆಗೆ ಕಾಯೋದು ಬೇಡ, ಆ ಹುಂಜನ್ನ ಇವತ್ತೇ ಕೊಯ್ಸಿಬಿಡಿ."