ಮೂವತ್ತನಾಲ್ಕು ಮನೆಯ ಓಟಿಪಿ

ಸಿದ್ದರಾಜು ಬಿಸಿ ಮುದ್ದೆ ತಿಂದು ವರ್ಷಗಳೇ ಆಗಿದ್ದವು. ಹೆಂಡತಿ ಯಮುನ ಬಿಸಿಯಾಗಿಯೇ ಬಡಿಸುತ್ತಿದ್ದಳು, ಆದರೆ ತಟ್ಟೆಯ ಮುಂದೆ ಕೂತ ಕೂಡಲೇ ಅವನ ಫೋನು ಕುಂಯ್ ಎನ್ನುತ್ತಿತ್ತು. ಯಾರದೋ ಮನೆಯ ಓಟಿಪಿ!

ತಪ್ಪು ಅವನದೇ. ಕಾವೇರಿ ಉಕ್ಕಿ ಮನೆಗಳೆಲ್ಲ ಮುಳುಗಿದ ವರ್ಷ, ಕುಶಾಲನಗರದ ಗಂಜಿಕೇಂದ್ರದಲ್ಲಿ ನೆನೆಯದೆ ಉಳಿದ ಫೋನು ಅವನದೊಂದೇ. ಅಧಿಕಾರಿಗಳು ನಂಬರು ಕೇಳಿದಾಗ, "ಎಲ್ರೂ ನಂದೇ ಬರೆಸ್ರಪ್ಪ, ಅದಕ್ಕೇನಂತೆ" ಎಂದು ಎದೆಯುಬ್ಬಿಸಿ ಹೇಳಿಬಿಟ್ಟಿದ್ದ. ಅಂದಿನಿಂದ ಸಂತ್ರಸ್ತರ ಬಡಾವಣೆಯ ಮೂವತ್ತನಾಲ್ಕು ಮನೆಯ ಗ್ಯಾಸು, ಬ್ಯಾಂಕು, ರೇಷನ್ನು ಎಲ್ಲದರ ಗುಟ್ಟೂ ಅವನ ಜೇಬಿಗೇ ಬಂದು ಬೀಳುತ್ತಿತ್ತು. ಸ್ನಾನಕ್ಕೆ ಹೋದರೂ ಬಾಗಿಲು ಬಡಿಯುತ್ತಿದ್ದರು.

ಕೊನೆಗೂ ಬಡಾವಣೆಗೆ ಇಂಟರ್‌ನೆಟ್ ಬಂತು. ಒಂದು ಸಂಸ್ಥೆಯವರು ಮನೆಗೊಂದು ಫೋನು ಕೊಟ್ಟರು, ಕಲಿಸಲು ತೇಜಸ್ವಿನಿ ಎಂಬ ಟೀಚರನ್ನೂ ಕಳಿಸಿದರು. "ಇವತ್ತು ಎಲ್ರ ನಂಬರೂ ಅವರವರ ಫೋನಿಗೆ ಬದಲಾಗುತ್ತೆ" ಎಂದಳು ಅವಳು. ಸಿದ್ದರಾಜು ಮನೆಗೆ ಓಡಿಬಂದ.

"ಯಮುನಾ, ನಾಟಿಕೋಳಿ ಸಾರಿಡು! ಮಧ್ಯಾಹ್ನ ಕೂತ್ಕಂಡು ಬಿಸಿ ಮುದ್ದೆ ತಿಂತೀನಿ. ದೇವರು ಬಂದು ಕರುದ್ರೂ ಏಳಾಕಿಲ್ಲ."

ಆದರೆ ನಂಬರು ಬದಲಿಸುವುದಕ್ಕೂ ಹಳೇ ನಂಬರಿಗೊಂದು ಓಟಿಪಿ ಬರಬೇಕಂತೆ! ಎಲ್ಲರೂ ಒಮ್ಮೆಲೇ ಒತ್ತಿದರು. ಫೋನು ಬಾಣಲೆಗೆ ಬಿದ್ದ ಸಾಸಿವೆಯ ಹಾಗೆ ಸಿಡಿಯತೊಡಗಿತು.

"ಸಿದ್ರಾಜಣ್ಣ, ನಂದು!"

"ಅಯ್ಯೋ, ಮೊದ್ಲು ನಂದು, ಟೈಮ್ ಮುಗೀತದೆ!"

ಎದುರುಮನೆ ಪೂವಯ್ಯನ ಓಟಿಪಿಯನ್ನು ಹಿಂದಿನ ಮನೆ ಸಣ್ಣಿಗೆ ಓದಿ ಹೇಳಿ ಇಬ್ಬರಿಂದಲೂ ಬೈಸಿಕೊಂಡ. ಓಡಾಟದಲ್ಲಿ ಚಪ್ಪಲಿ ಕಿತ್ತುಹೋಯಿತು. ಮಧ್ಯಾಹ್ನದ ಹೊತ್ತಿಗೆ ಉಳಿದವಳು ಎಪ್ಪತ್ತರ ರಂಗಮ್ಮ ಒಬ್ಬಳೇ.

"ನಂಗ್ಯಾಕಪ್ಪ ಇದೆಲ್ಲ? ನೀನಿದ್ಯಲ್ಲ" ಎಂದಳು ಅವಳು.

"ನಾನಿರಾಕಿಲ್ಲ ಅತ್ತೆ! ಹೆದ್ರಬೇಡಿ, ಮೊದ್ಲು ನನ್ ಗ್ಯಾಸಿಂದೇ ಮಾಡಿ ತೋರಿಸ್ತೀನಿ" ಎಂದು ಅವಳ ಫೋನಿನಲ್ಲೇ ಟಕಟಕ ಒತ್ತಿ ಮುಗಿಸಿದ. ರಂಗಮ್ಮನಿಗೆ ಧೈರ್ಯ ಬಂತು, ತನ್ನದನ್ನು ತಾನೇ ಒತ್ತಿದಳು. ಓಟಿಪಿಯನ್ನು ಯಾರಿಗೂ ಹೇಳಬಾರದೆಂದು ತೇಜಸ್ವಿನಿ ಎಲ್ಲರ ಬಾಯಲ್ಲೂ ಮೂರು ಸಲ ಹೇಳಿಸಿ ಪಾಠ ಮುಗಿಸಿದಳು.

ಸಿದ್ದರಾಜು ಮನೆಗೆ ಬಂದು ಕೈ ತೊಳೆದ. ಫೋನು ತೆಪ್ಪಗಿತ್ತು. ಆಹಾ, ಎಂಥಾ ಸುಖ! ಆದರೆ ಒಲೆಯೂ ತಣ್ಣಗಿತ್ತು.

"ಸಾರು ಅರ್ಧ ಬೇಯೋ ಹೊತ್ಗೆ ಗ್ಯಾಸ್ ಖಾಲಿ" ಎಂದಳು ಯಮುನ. "ಪುಣ್ಯಕ್ಕೆ ಬುಕ್ ಮಾಡಿದ್ದು ಈಗ್ಲೇ ಬಂದದೆ."

ಬಾಗಿಲಲ್ಲಿ ಸಿಲಿಂಡರ್ ಇಳಿಸಿದ ಗ್ಯಾಸಿನ ನವೀನ್ ಕೈ ಒರೆಸಿಕೊಂಡು, "ಓಟಿಪಿ ಹೇಳಿ ಅಣ್ಣ" ಎಂದ. ಸಿದ್ದರಾಜುವಿನ ಫೋನಿನಲ್ಲಿ ಏನೂ ಇರಲಿಲ್ಲ.

"ಕೊನೆಗೆ ಏಳು ಎರಡು ಇರೋ ನಂಬರಿಗೆ ಹೋಗಿದೆಯಲ್ಲ?"

ರಂಗಮ್ಮನ ನಂಬರು! ತೋರಿಸಲು ಹೋಗಿ ತನ್ನ ಗ್ಯಾಸನ್ನೇ ಅವಳ ಫೋನಿಗೆ ಕಟ್ಟಿಬಂದಿದ್ದ. ಬರಿಗಾಲಲ್ಲೇ ಓಡಿದ.

"ಅತ್ತೆ, ನಿಮ್ ಫೋನಿಗೆ ನಂದೊಂದು ಓಟಿಪಿ ಬಂದದೆ, ಬೇಗ ಹೇಳಿ!"

ರಂಗಮ್ಮ ಫೋನನ್ನು ಸೆರಗಿನೊಳಗೆ ಸೇರಿಸಿದಳು. "ಬಂದದೆ. ಹೇಳಾಕಿಲ್ಲ."

"ಅದು ನಂದೇ ಅತ್ತೆ!"

"ಕಳ್ರೆಲ್ಲ ಹಂಗೇ ಅಂತಾರಂತೆ."

ಅಲ್ಲೇ ಇದ್ದ ತೇಜಸ್ವಿನಿಯತ್ತ ತಿರುಗಿ, "ಮೇಡಂ, ನೀವಾದ್ರೂ ಹೇಳಿ" ಎಂದು ಅಂಗಲಾಚಿದ. ಅವಳು ಖುಷಿಯಿಂದ ವಿಡಿಯೊ ಮಾಡುತ್ತಿದ್ದಳು.

"ಸೂಪರ್ ಅಜ್ಜಿ! ಇನ್ನೊಂದ್ಸಲ ಹೇಳಿ!"

"ಅಣ್ಣ, ನಾಳಿದ್ದು ಬರ್ತೀನಿ" ಎಂದು ಬೀದಿಯಿಂದಲೇ ಕೂಗಿ ನವೀನ್ ಸಿಲಿಂಡರ್ ಸಮೇತ ಗಾಡಿ ಹೊರಡಿಸಿದ.

ಸಿದ್ದರಾಜು ಜಗಲಿಯ ಮೇಲೆ ಕುಸಿದ. ಅವನ ಮುಖ ನೋಡಿ ರಂಗಮ್ಮನಿಗೆ ಕರುಳು ಚುರುಕ್ಕೆಂದಿತು. ಒಳಗಿನಿಂದ ಹಬೆಯಾಡುವ ಮುದ್ದೆ, ಸೊಪ್ಪಿನ ಸಾರು ತಂದು ಮುಂದಿಟ್ಟಳು. ಸಿದ್ದರಾಜುವಿನ ಕಣ್ಣು ತುಂಬಿಬಂತು. ಅವನು ಮುದ್ದೆಗೆ ಕೈ ಹಾಕಿದ್ದೇ ತಡ, ಸೆರಗಿನೊಳಗೆ ಕುಂಯ್ ಎಂದಿತು.

"ಮತ್ತೇನೋ ಬಂತು ಕಣ್ಲಾ, ನಿಂದೇ ಇರ್ಬೇಕು" ಎಂದಳು ರಂಗಮ್ಮ. "ಏಳು ಮಗ, ಏಳು, ಅಷ್ಟು ದೂರ ಹೋಗಿ ನಿಂತ್ಕೋ. ನೀನಿಲ್ಲೇ ಕೂತಿದ್ರೆ ನಾನು ಹೆಂಗ್ ತೆಗ್ದು ನೋಡ್ಲಿ?"