ಬರೀ ಕೇಳಾಕ ಬಂದಿದ್ದು

ಬಾಯಿ ಮುಚ್ಚಿಕೊಂಡು ಕೂರುವುದನ್ನು ಕಲಿಯಲು ಸಿದ್ದಲಿಂಗೇಶನಿಗೆ ಆರು ವಾರ ಹಿಡಿಯಿತು. ಅದಕ್ಕೆ ಕೌನ್ಸೆಲರ್ ಟ್ರೈನಿಂಗ್ ಅಂತ ಹೆಸರು. ಆಂಧ್ರದ ಗಡಿಯ ಆದೋನಿಯಲ್ಲಿ ಒಂದು ಬಾಡಿಗೆ ಹಾಲ್‌ನಲ್ಲಿ ರಾಮಲಕ್ಷ್ಮಿ ಮೇಡಂ ಮೊದಲ ದಿನವೇ ಕಟ್ಟಪ್ಪಣೆ ಮಾಡಿದ್ದರು: ಮನಸ್ಸು ನೊಂದವರು ಮಾತಾಡುವಾಗ ಸಲಹೆ ಕೊಡಬಾರದು, ನಡುವೆ ಬಾಯಿ ಹಾಕಬಾರದು, ಅವರ ಕೊನೆಯ ಮಾತನ್ನೇ ಮೆಲ್ಲಗೆ ತಿರುಗಿ ಹೇಳಬೇಕು. ಸಲಹೆ ಕೊಡದಿದ್ದರೆ ಉಂಡ ಅನ್ನ ಕರಗದ ಊರಿನಲ್ಲಿ ಹುಟ್ಟಿದವನಿಗೆ ಇದು ಉಪವಾಸಕ್ಕಿಂತ ಕಷ್ಟವಾಗಿತ್ತು.

ಇವತ್ತು ಕಡೇ ದಿನ. ಸಾಯಂಕಾಲ ಐದರೊಳಗೆ ಯಾರಾದರೊಬ್ಬರ ಕಷ್ಟವನ್ನು ಪೂರ್ತಿ ಅರ್ಧ ಗಂಟೆ ಕೇಳಿ, ಫಾರಂ ಮೇಲೆ ಅವರ ಸಹಿ ಹಾಕಿಸಿಕೊಂಡು ಬರಬೇಕು. ಅವರು ನೆಂಟರಾಗಿರಬಾರದು. ಫಾರಂ ಕೊಟ್ಟರೆ ಸರ್ಟಿಫಿಕೇಟು, ಸರ್ಟಿಫಿಕೇಟು ಇದ್ದರೆ ಸೋಮವಾರದಿಂದ ಕೆಲಸ. ಇಲ್ಲದಿದ್ದರೆ ಸೋದರಮಾವನ ಅಂಗಡಿಯಲ್ಲಿ ಮತ್ತೆ ಸೀರೆ ಬಿಚ್ಚುವುದು, ಮಡಚುವುದು, ಬಿಚ್ಚುವುದು. ಹತ್ತು ವರ್ಷ ಮಡಚಿ ಮಡಚಿ ಅವನಿಗೆ ಜರಿ ಕಂಡರೆ ತಲೆ ಸುತ್ತುತ್ತಿತ್ತು.

ಬೆಳಿಗ್ಗೆಯಿಂದ ಐದು ಜನರನ್ನು ಹಿಡಿದಿದ್ದ. ಒಬ್ಬರೂ ತಮ್ಮ ಕಷ್ಟ ಹೇಳಲಿಲ್ಲ. ಚಹಾ ಅಂಗಡಿಯ ಲಾಲಪ್ಪನಂತೂ ಇವನನ್ನೇ ಕೂರಿಸಿಕೊಂಡ. "ನನಗೇನು ಚಿಂತಿಲ್ಲೋ ತಮ್ಮಾ. ನಿನ್ನ ಮಾರಿ ಯಾಕ ಬಾಡೈತಿ? ರಾತ್ರಿ ಮಜ್ಜಿಗಿ ಬಿಡು."

ಕೊನೆಗೆ ಜೊತೆಗೆ ಕಲಿಯುತ್ತಿದ್ದ ನಾಗಜ್ಯೋತಿ ದಾರಿ ತೋರಿಸಿದಳು. "ಹತ್ತಿ ವ್ಯಾಪಾರಿ ಚನ್ನಬಸಯ್ಯನೋರ ಮನಿಗೆ ಹೋಗ್ರಿ. ಮಗಳ ಚಿಂತ್ಯಾಗ ಒಣಗ್ಯಾರ. ಕೇಳೋರು ಸಿಕ್ಕರ ಸಾಕು, ತಾಸುಗಟ್ಟಲೆ ಹೇಳ್ತಾರ."

ಮೂರೂಮುಕ್ಕಾಲಿಗೆ ಸಿದ್ದಲಿಂಗೇಶ ಆ ಮನೆಯ ಬಾಗಿಲು ತಟ್ಟಿದ. ಚನ್ನಬಸಯ್ಯನ ಹೆಂಡತಿ ಅಕ್ಕನಾಗಮ್ಮ ಹೊರಗೆ ಬಂದಳು.

"ಯಾರಪಾ? ಏನು ಬೇಕಾಗಿತ್ತು?"

"ನಾನು ಸಿದ್ದಲಿಂಗೇಶ್ ಅಂತ್ರಿ. ನಿಮ್ಮ ಮಗಳ ವಿಷಯ ಕೇಳಾಕ ಬಂದೀನ್ರಿ."

ತಪ್ಪು ಅವನದಲ್ಲ, ನಮ್ಮ ಭಾಷೆಯದು. ಕಿವಿಗೊಡುವವನೂ ಕೇಳುತ್ತಾನೆ, ಹೆಣ್ಣು ಬೇಡುವವನೂ ಕೇಳುತ್ತಾನೆ. ಅಕ್ಕನಾಗಮ್ಮ ಸೆರಗು ಸರಿಮಾಡಿಕೊಂಡು ಒಳಗೆ ಕೂಗಿದಳು. "ಏನ್ರೀ, ಲಗೂನ ಬರ್ರಿ! ಕೇಳಾಕ ಬಂದಾರ!"

ಚನ್ನಬಸಯ್ಯ ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಓಡಿಬಂದರು. "ಕೂಡ್ರಿ, ಕೂಡ್ರಿ. ನಿಮ್ಮ ಹಿರಿಯರು ಯಾರೂ ಬರಲಿಲ್ಲೇನು?"

"ಒಬ್ಬನೇ ಬರಬೇಕಂತ ರೂಲ್ಸ್ ಐತ್ರಿ."

"ಈಗಿನ ಕಾಲ! ಇದೂ ಚಲೋನ."

ಸಿದ್ದಲಿಂಗೇಶ ಫೋನಿನಲ್ಲಿ ಅರ್ಧ ಗಂಟೆಗೆ ಅಲಾರಂ ಇಟ್ಟು, ಮುಂದೆ ಬಾಗಿ ಕೂತ. ಚನ್ನಬಸಯ್ಯ ಶುರುಮಾಡಿದರು.

"ನಮ್ಮ ಸುಷ್ಮಾಗ ಇಪ್ಪತ್ತೊಂಬತ್ತು. ಹನ್ನೊಂದು ಹುಡುಗರನ್ನ ಒಲ್ಲೆ ಅಂದಾಳ. ನನಗ ನಿದ್ದಿ ಇಲ್ಲ."

"ನಿದ್ದಿ ಇಲ್ಲ..."

"ಮಂದಿ ಏನೇನೋ ಅಂತಾರ. ಎದಿ ಉರೀತೈತಿ."

"ಎದಿ ಉರೀತೈತಿ..."

ಮುದುಕರ ಕಣ್ಣಲ್ಲಿ ನೀರು ಬಂತು. "ಇಷ್ಟು ಸಮಾಧಾನದಿಂದ ಯಾರೂ ಕೇಳಿರಲಿಲ್ಲಪಾ." ಸಿದ್ದಲಿಂಗೇಶನ ವಿದ್ಯೆ ಫಲಿಸಿತ್ತು. ಅವನಿಗೆ ನಿಜವಾಗಿ ಖುಷಿಯಾಯಿತು.

ಅಷ್ಟರಲ್ಲಿ ಪಕ್ಕದ ಮನೆಯ ಗಂಗಕ್ಕ ಸಾರಿನ ಬಟ್ಟಲು ಹಿಡಿದುಕೊಂಡು ಬಂದಳು. ಬಟ್ಟಲು ಬರೀ ನೆಪ. "ಎವರು ಈ ಅಬ್ಬಾಯಿ? ಸಂಬಂಧಮಾ?" ಎಂದು ಹುಡುಗ ಯಾರೆಂಬುದನ್ನು ತೆಲುಗಿನಲ್ಲಿ ಕೇಳಿ, ಉತ್ತರಕ್ಕೂ ಕಾಯದೆ ಕೂತೇಬಿಟ್ಟಳು.

ಹದಿನೆಂಟನೇ ನಿಮಿಷಕ್ಕೆ ಚನ್ನಬಸಯ್ಯ ಕೈ ಜೋಡಿಸಿದರು. "ಹಂಗಾದರ ನಮ್ಮ ಹುಡುಗಿ ನಿಮಗ ಒಪ್ಪಿಗಿ."

"ನಮ್ಮ ಹುಡುಗಿ ನಿಮಗ ಒಪ್ಪಿಗಿ..." ಎಂದಿತು ಪಳಗಿದ ನಾಲಿಗೆ. ಆಮೇಲೆ ಕಿವಿಗೆ ತಿಳಿಯಿತು.

ಸಿದ್ದಲಿಂಗೇಶ ಬಾಯಿ ತೆರೆದ. ಫೋನು ನೋಡಿದ. ಇನ್ನು ಹನ್ನೆರಡೇ ನಿಮಿಷ. ಈಗ ನಡುವೆ ಬಾಯಿ ಹಾಕಿದರೆ ಎಲ್ಲವೂ ಹೊಳೆಪಾಲು, ಬೇರೆಯವರನ್ನು ಹುಡುಕಲು ಹೊತ್ತೂ ಇಲ್ಲ. ಮೊದಲು ಸಹಿ ಬೀಳಲಿ, ಆಮೇಲೆ ಬಿಡಿಸಿ ಹೇಳಿದರಾಯಿತು ಅಂದುಕೊಂಡ. ತೆರೆದ ಬಾಯಿಗೆ ಗಂಗಕ್ಕ ಒಂದು ಹಿಡಿ ಸಕ್ಕರೆ ತುಂಬಿದಳು.

"ನಿಮ್ಮವ್ವನ ಹೆಸರೇನಪಾ?" ಎಂದಳು ಅಕ್ಕನಾಗಮ್ಮ.

"ಶಂಕ್ಕ... ರಮ್ಮ," ಎಂದ ಸಕ್ಕರೆಯ ನಡುವಿನಿಂದ. ಗಂಗಕ್ಕನ ಫೋನಿನಲ್ಲಿ ಇಲ್ಲದ ನಂಬರು ಆದೋನಿಯಲ್ಲೇ ಇರಲಿಲ್ಲ. ಅವಳು ಆಗಲೇ ಅಂಗಳಕ್ಕೆ ಹೋಗಿ "ಶಂಕರಮ್ಮಾ, ಸಿಹಿ ಸುದ್ದಿ!" ಎಂದು ಕೂಗುತ್ತಿದ್ದಳು.

ಒಂದೇ ಆಸೆ ಉಳಿದಿತ್ತು. ಹನ್ನೊಂದು ಜನರನ್ನು ಓಡಿಸಿದ ಸುಷ್ಮಾ ಹನ್ನೆರಡನೆಯವನನ್ನು ಬಿಟ್ಟಾಳೆಯೇ? ಅವಳು ಒಳಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು. ನಿಧಾನವಾಗಿ ಹೇಳಿದಳು: "ಅಪ್ಪಾ, ಆ ಹನ್ನೊಂದು ಮಂದಿನೂ ಬರೀ ತಮ್ಮದೇ ಹೇಳಿದರು. ಇವರು ಕೇಳ್ತಾರ. ನನಗ ಅಡ್ಡಿ ಇಲ್ಲ."

ಫೋನು ಟಿಣ್ ಎಂದಿತು. ಅರ್ಧ ಗಂಟೆ ಮುಗಿದಿತ್ತು. ಸಿದ್ದಲಿಂಗೇಶ ಫಾರಂ ಚಾಚಿದ. ಚನ್ನಬಸಯ್ಯ ಕನ್ನಡಕ ಹಾಕಿಕೊಂಡು ಬೆರಳಾಡಿಸಿದರು. "ನೋಡಿದಿಯೇನ, ಸಂಬಂಧ ಅಂತ ಅಚ್ಚು ಹಾಕಿಸಿಕೊಂಡೇ ಬಂದಾರ!" ಅದರ ಮುಂದೆ ಏನೋ ಬರೆದು ದೊಡ್ಡದಾಗಿ ಸಹಿ ಹಾಕಿದರು.

"ಒಂದು ಮಾತು ಹೇಳೋದಿತ್ರಿ..."

"ಹೇಳೋದು ಹಿರಿಯರಿಗೆ ಬಿಡ್ರಿ. ನೀವು ಕೇಳಿದಿರಿ, ನಾವು ಕೊಟ್ಟೀವಿ."

ಗಡಿಯಾರದಲ್ಲಿ ನಾಲ್ಕೂವರೆ. ಮಿಕ್ಕಿದ್ದನ್ನು ಆಮೇಲೆ ನೋಡಿಕೊಳ್ಳೋಣವೆಂದು ಸಿದ್ದಲಿಂಗೇಶ ಕಾಲಿಗೆ ಬುದ್ಧಿ ಹೇಳಿದ.

ಐದಕ್ಕೆ ಐದು ನಿಮಿಷವಿರುವಾಗ ರಾಮಲಕ್ಷ್ಮಿ ಮೇಡಂ ಫಾರಂ ಓದಿದರು. "ಸಂಬಂಧ: ಅಳಿಯ." ತಲೆ ಎತ್ತಿದರು. "ನೆಂಟರು ನಡೆಯಂಗಿಲ್ಲ ಅಂತ ಹೇಳಿದ್ದೆನಲ್ಲ? ಇದು ಕ್ಯಾನ್ಸಲ್."

ಅದೇ ಹೊತ್ತಿಗೆ ಸೋದರಮಾವನ ಫೋನು ಬಂತು. "ಮದುವಿ ಜವಳಿ ನಮ್ಮ ಅಂಗಡ್ಯಾಗೇ ಅಂತಪಾ. ನಾಳೆ ಒಂಬತ್ತಕ್ಕ ಬಾ, ಸೀರಿ ಬಿಚ್ಚಿ ತೋರಸಾಕ."

ಸಿದ್ದಲಿಂಗೇಶ ಕುಸಿದು ಕೂತ. ಆರು ವಾರದಿಂದ ಕಟ್ಟಿಟ್ಟಿದ್ದ ಬಾಯಿ ಒಡೆದುಹೋಯಿತು. ಸಕ್ಕರೆಯಿಂದ ಹಿಡಿದು ಸೀರೆಯವರೆಗೆ ಎಲ್ಲವನ್ನೂ ಹೇಳಿಕೊಂಡು ಅತ್ತ. ಮೇಡಂ ಮುಂದೆ ಬಾಗಿ, ತಲೆಯಾಡಿಸುತ್ತ, ಒಮ್ಮೆಯೂ ನಡುವೆ ಬಾಯಿ ಹಾಕದೆ ಕೂತಿದ್ದರು.

"ಈಗ ನಾನು ಏನು ಮಾಡ್ಲಿ ಮೇಡಂ?"

"ಏನು ಮಾಡ್ಲಿ..." ಎಂದರು ಮೇಡಂ ಮೆಲ್ಲಗೆ.

"ಏನರ ಹೇಳ್ರಿ!"

"ಏನರ ಹೇಳ್ರಿ..."

ಮೇಡಂ ಅವರ ಬ್ಯಾಗಿನಲ್ಲಿ ಫೋನು ಟಿಣ್ ಎಂದಿತು. ಅವರು ಸಮಾಧಾನದ ನಿಟ್ಟುಸಿರು ಬಿಟ್ಟು ಒಂದು ಕಾಗದ ತೆಗೆದು ಅವನ ಮುಂದಿಟ್ಟರು.

"ಪೂರ್ತಿ ಅರ್ಧ ಗಂಟಿ ಆತು. ಕಲಿಸೋರೂ ತಿಂಗಳಿಗೊಂದು ಫಾರಂ ಕೊಡಬೇಕು, ಈ ತಿಂಗಳು ನನಗೂ ಯಾರೂ ಸಿಕ್ಕಿರಲಿಲ್ಲ. ಇಲ್ಲೊಂದು ಸಹಿ ಹಾಕ್ರಿ. ಸಂಬಂಧ ಅಂತ ಇರೋ ಕಡೆ ಮಾತ್ರ, ಏನೂ ಇಲ್ಲ ಅಂತ ಸ್ಪಷ್ಟ ಬರೀರಿ."