ಕೂಡೋದು ಬಾರದವಳ ಗಣಿತ

ಚನ್ನಬಸವಯ್ಯ: ಅಂಕೀನೇ ಇಲ್ದಿರೋದು ಯಾವ ಸೀಮೆ ಲೆಕ್ಕ ಮೇಡಮ್ಮೋರೆ? ಪುಸ್ತಕದ ತುಂಬ ಬರೀ ಅಕ್ಷರ ಐತೆ.

ಆಶಾರಾಣಿ: ಮೇಲಿನ ಗಣಿತ ಹಾಗೇ ಇರುತ್ತೆ ಸಾರ್.

ಚನ್ನಬಸವಯ್ಯ: ನಮ್ಮ ಅರುಣಂಗೆ ಕೆಳಗಿಂದೇ ಬರಾಕಿಲ್ಲ. ಅಂಗಡೀಲಿ ಕೂರಿಸಿದ್ರೆ, ಅವ್ಳು ಚೀಟಿ ಕೂಡೋ ಹೊತ್ಗೆ ಗಿರಾಕಿ ಬಸ್ ಹತ್ತಿ ಗಂಡಸಿ ಊರು ಸೇರ್ಕೊಂಡಿರ್ತಾನೆ. ಅಷ್ಟಾದ್ರೂ ತಪ್ಪು.

ಅರಸೀಕೆರೆಯ ಕೊಬ್ಬರಿ ಮಂಡಿಗೆ ಅಂಟಿಕೊಂಡ ಮನೆ ಅದು. ಕಾಲೇಜಿನ ಗಣಿತದ ಮೇಡಂ ಆಶಾರಾಣಿ ಉರಿಬಿಸಿಲಲ್ಲಿ ಕೆಟ್ಟುನಿಂತ ಲೂನಾ ತಳ್ಳಿಕೊಂಡು ಬಂದಿದ್ದಳು. ಮೈಸೂರಿನಲ್ಲಿ ಹಳ್ಳಿಗಾಡಿನ ಹುಡುಗಿಯರಿಗೆಂದೇ ಬೇಸಿಗೆಯ ಗಣಿತ ಶಿಬಿರ, ಬಿ.ಎಸ್ಸಿ. ಓದುವ ಅರುಣಾ ಅದಕ್ಕೆ ಆಯ್ಕೆಯಾಗಿದ್ದಳು. ರೈಲು ನಾಳೆ ಬೆಳಿಗ್ಗೆ, ಅಪ್ಪ ಚನ್ನಬಸವಯ್ಯ ಮಾತ್ರ ಇನ್ನೂ ಹೂಂ ಅಂದಿಲ್ಲ. ಮಗಳು ಒಳಗೆ ಈರುಳ್ಳಿ ಹೆಚ್ಚುವ ನೆಪದಲ್ಲಿ ಕಣ್ಣೊರೆಸಿಕೊಳ್ಳುವುದನ್ನು ಕಂಡು ತಾಯಿ ಬಸಮ್ಮ ಕಾಫಿಗೆ ನೀರಿಟ್ಟಳು. ಗಂಡ ಕೆಟ್ಟವರೇನಲ್ಲ, ಆದರೆ ಹಿಡಿದರೆ ಉಡದ ಪಟ್ಟು.

ಆಶಾರಾಣಿ: ಕೂಡೋದ್ರಲ್ಲಿ ನಾನೂ ತಪ್ತೀನಿ ಸಾರ್. ಈಗ್ಲೂ ಬೆರಳು ಮಡಿಸ್ತೀನಿ.

ಚನ್ನಬಸವಯ್ಯ: ನೀವಾ? ಎಮ್ಮೆಸ್ಸಿಯೋರು?

ಆಶಾರಾಣಿ: ನಮ್ಮ ಪ್ರೊಫೆಸರ್ರೂ ಅಷ್ಟೇ. ಹೋಟ್ಲಲ್ಲಿ ಮಾಣಿ ಹೇಳಿದಷ್ಟು ಕೊಟ್ಟು ಎದ್ದು ಬರೋರು.

ಇಂಥವರನ್ನು ನಂಬಿ ಸರ್ಕಾರ ಕಾಲೇಜು ನಡೆಸುತ್ತಿದೆಯಲ್ಲ ಎಂದು ಚನ್ನಬಸವಯ್ಯ ಚಿಂತೆಗೆ ಬಿದ್ದರು. ಅಷ್ಟರಲ್ಲಿ ಬಸಮ್ಮ ಕಾಫಿ ತಂದಿಟ್ಟು, ಹೋಗದೆ ಅಲ್ಲೇ ನಿಂತಳು.

ಬಸಮ್ಮ: ಅಕ್ಷರ ಅಂತ ಆಡ್ಕೋತೀರಲ್ಲ, ಕಣದಲ್ಲಿ ರಾಗಿ ಅಳೀವಾಗ ಮೊದಲ್ನೇ ಕೊಳಗಕ್ಕೆ ಏನಂತೀರಿ?

ಚನ್ನಬಸವಯ್ಯ: ಲಾಭ ಅಂತೀನಿ. ನಮ್ಮಪ್ಪನೂ ಅಂಗೇ ಅಂತಿದ್ದ.

ಬಸಮ್ಮ: ಯಾಕೆ, ಒಂದು ಅನ್ನೋಕೆ ಬಾಯಿ ನೋಯ್ತದಾ? ನೀವು ಒಂದರ ಜಾಗದಲ್ಲಿ ಲಾಭ ಇಟ್ರೆ ಸಂಪ್ರದಾಯ, ನನ್ನ ಮಗಳು ಎಕ್ಸ್ ಇಟ್ರೆ ಹುಚ್ಚಾ?

ಚನ್ನಬಸವಯ್ಯ ಕಾಫಿಯನ್ನು ಬೇಕಿಲ್ಲದಿದ್ದರೂ ಆರಿಸಿ ಆರಿಸಿ ಕುಡಿದರು.

ಚನ್ನಬಸವಯ್ಯ: ಆಯ್ತು ಕಣೇ. ಆದ್ರೂ ಕಾಣದ ಊರು, ಹೆಣ್ಣುಮಗ ಒಬ್ಳೇ.

ಆಶಾರಾಣಿಯ ದನಿ ತಗ್ಗಿತು.

ಆಶಾರಾಣಿ: ಒಬ್ಳೇ ಇರೋದು ಏನು ಅಂತ ನನಗೆ ಗೊತ್ತು ಸಾರ್. ಎಮ್ಮೆಸ್ಸಿ ಕ್ಲಾಸಲ್ಲಿ ಹುಡುಗಿ ಅಂತ ನಾನೊಬ್ಳೇ, ನಮ್ಮ ಕೇರಿ ಕಡೆಯೋಳು ಅಂತಾನೂ ನಾನೊಬ್ಳೇ. ಒಂದು ಸಂದೇಹ ಕೇಳಿದ್ರೆ ಇಡೀ ಕ್ಲಾಸು ತಿರುಗಿ ನೋಡೋದು. ಆಮೇಲೆ ಕೇಳೋದನ್ನೇ ಬಿಟ್ಟೆ. ಈ ಶಿಬಿರದಲ್ಲಿ ಅರುಣಾ ಬಾಯಿ ಬಿಟ್ಟು ಕೇಳಬಹುದು, ಯಾರೂ ತಿರುಗಿ ನೋಡಲ್ಲ.

ಇನ್ನೂ ಒಂದು ಜಾಗ ಖಾಲಿಯಿದೆ, ತಾನು ಹೇಳಿದವಳನ್ನು ಸೇರಿಸಿಕೊಳ್ಳುತ್ತಾರೆ, ಊರೆಲ್ಲ ಕೇಳಿದರೂ ಹೆಣ್ಣುಮಕ್ಕಳನ್ನು ಕಳಿಸುವವರಿಲ್ಲ ಎಂದೂ ಆಕೆ ಹೇಳಿದಳು. ಬಸಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು. ಚನ್ನಬಸವಯ್ಯ ಎದ್ದು, ಟವೆಲ್ಲು ಕೊಡವಿ ಹೆಗಲಿಗೆ ಹಾಕಿ ಬಾಗಿಲಾಚೆ ನಡೆದರು. ಈ ಮನುಷ್ಯ ಟವೆಲ್ಲು ಕೊಡವಿದರೆ ವ್ಯಾಪಾರ ಮುರಿದಂತೆ ಎಂದು ಗೊತ್ತಿದ್ದ ಬಸಮ್ಮ ಗೋಡೆಗೊರಗಿದಳು. ಪಕ್ಕದ ಜಗಲಿಯಲ್ಲಿ ಗೆಳೆಯ ಲಕ್ಕಪ್ಪ ಕೂತಿದ್ದ. ಅವನ ಮಗಳೂ ಅರುಣಾಳ ಕ್ಲಾಸೇ.

ಚನ್ನಬಸವಯ್ಯ: ಏನ್ಲಾ ಲಕ್ಕಪ್ಪ, ನಿನ್ ಮಗಳಿಗೆ ಕೂಡೋದು ಸರಿಯಾಗಿ ಬತ್ತದೇನ್ಲಾ?

ಲಕ್ಕಪ್ಪ: ಏನ್ ಹೇಳ್ಲಿ. ಹಾಲಿನ ಲೆಕ್ಕ ಕೂಡಮ್ಮ ಅಂದ್ರೆ ತಪ್ಪು ಮಾಡ್ತಾಳೆ.

ಚನ್ನಬಸವಯ್ಯ: ಯಾವಾಗ್ಲಾದ್ರೂ ಒಂದ್ಸಲನಾ?

ಲಕ್ಕಪ್ಪ: ದಿನಾನೂ. ಯಾರ್ಗೂ ಹೇಳ್ಬೇಡ ಮಾರಾಯ.

ಚನ್ನಬಸವಯ್ಯ: ಹಂಗಾದ್ರೆ ಪೆಟ್ಟಿಗೆ ಕಟ್ಸು. ನಾಳೆ ನಮ್ಮ ಅರುಣನ ಜೊತೆ ಮೈಸೂರ್ಗೆ ಹೋಗ್ಲಿ, ಮೇಲಿನ ಗಣಿತಕ್ಕೆ.

ಲಕ್ಕಪ್ಪ: ನಿನ್ ಮಗಳು ಹೊಂಟ್ಳಾ? ಅಂಗಿದ್ರೆ ನಮ್ಮೋಳೂ ಹೊರಡ್ಲಿ.

ಒಳಗೆ ಈರುಳ್ಳಿ ಹೆಚ್ಚುವ ಸದ್ದು ನಿಂತಿತು. ಚನ್ನಬಸವಯ್ಯ ಬಾಗಿಲಲ್ಲಿ ತಲೆ ಹಾಕಿದರು.

ಚನ್ನಬಸವಯ್ಯ: ಬಸಮ್ಮ, ಬುತ್ತಿ ಇಬ್ರಿಗೆ ಕಟ್ಟು. ಮೇಡಮ್ಮೋರೆ, ಇನ್ನೊಬ್ಳು ಸಿಕ್ಕಿದ್ಳು, ಲಕ್ಕಪ್ಪನ ಮಗಳು. ನಮ್ಮೋಳು ಆಗೊಮ್ಮೆ ಈಗೊಮ್ಮೆ ಸರಿಯಾಗಿ ಕೂಡ್ಬಿಡ್ತಾಳೆ. ಇವ್ಳ ಬಗ್ಗೆ ನಿಮ್ಗೆ ಆ ಯೋಚ್ನೆನೇ ಬೇಡ.